ಅಳಿಯಂದಿರ ಕೋಣೆಯ ಬಳ್ಳಿಪಟ್ಟಿ

ಅಕ್ಕನ ಮದುವೆಯಾದ ಮೇಲೆ ನಮ್ಮ ಮನೆಯ ಮೂಲೆಯ ಕೋಣೆಗೆ ಅಳಿಯಂದಿರ ಕೋಣೆ ಎಂದು ಹೆಸರಾಯಿತು. ಅದಕ್ಕೂ ಮುಂಚೆ ಅಲ್ಲಿ ಅಪ್ಪನ ಜವಳಿ ಅಂಗಡಿಯಲ್ಲಿ ಹಿಡಿಸದ ಬಟ್ಟೆಯ ಥಾನುಗಳು, ಹಾಸಿಗೆ ಸುರುಳಿಗಳು, ಹಪ್ಪಳದ ಡಬ್ಬಗಳು ಇರುತ್ತಿದ್ದವು. ಪರೀಕ್ಷೆ ಹತ್ತಿರ ಬಂದಾಗ ನಾನೂ ಅಕ್ಕನೂ ಬಾಗಿಲು ಹಾಕಿಕೊಂಡು ಓದುತ್ತಿದ್ದುದು ಅಲ್ಲಿಯೇ. ಗೋಡೆಗೆ ಸುಣ್ಣ, ಸುಣ್ಣದ ಕೆಳಗೆ ನೆಲದ ಉದ್ದಕ್ಕೂ ಅವ್ವ ಬಳಿಯುತ್ತಿದ್ದ ಕೆಮ್ಮಣ್ಣಿನ ಪಟ್ಟೆ. ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಬೀದಿಯ ಮನೆಗಳಿಗೆಲ್ಲ ಅಷ್ಟೇ ಅಲಂಕಾರ.

ಭಾವ ಭದ್ರಾವತಿಯ ಕಾರ್ಖಾನೆಯಲ್ಲಿ ಎಂಜಿನಿಯರ್. ನಮ್ಮ ಕಡೆಯ ಜನರಲ್ಲಿ ಆಗಿನ್ನೂ ಎಂಜಿನಿಯರುಗಳು ಅಪರೂಪ. ಅಂಗಡಿಗೆ ಬಂದವರಿಗೆಲ್ಲ ಅಪ್ಪ ಬಟ್ಟೆ ಅಳೆಯುವ ಮೊದಲು ಅಳಿಯನ ವಿಷಯ ಹೇಳುತ್ತಿದ್ದರು. ಮನೆ ಸಿಗುವವರೆಗೆ ಭಾವ ಅಲ್ಲಿನ ಮೆಸ್ಸಿನಲ್ಲಿ ಇರುವುದು, ಅಕ್ಕ ನಮ್ಮಲ್ಲೇ ಇರುವುದು ಎಂದು ಮಾತಾಗಿತ್ತು. ಶನಿವಾರ ಸಂಜೆಯ ರೈಲಿಗೆ ಅವರು ಬರುತ್ತಿದ್ದರು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಅದನ್ನೂ ಅಪ್ಪ ದೊಡ್ಡಸ್ತಿಕೆ ಎಂದೇ ತಿಳಿದರು.

ಒಂದು ಭಾನುವಾರ ಬೆಳಿಗ್ಗೆ ಭಾವ ಕೋಣೆಯಿಂದ ಹೊರಗೆ ಬಂದಾಗ ಅವರ ಕಪ್ಪು ಕೋಟಿನ ಬೆನ್ನಿಗೆ ಸುಣ್ಣ ಹತ್ತಿತ್ತು. ಅಕ್ಕ ಒದ್ದೆ ಬಟ್ಟೆ ತಂದು ಒರೆಸಲು ಹೋದಳು. ಅವರು ಕೋಟು ಬಿಚ್ಚಿ ಅವಳ ಕೈಗೆ ಕೊಟ್ಟು, ಅಪ್ಪನ ಕಡೆ ತಿರುಗಿ, "ಗೋಡೆಗೆ ಒರಗೋ ಹಾಗೇ ಇಲ್ಲ ಮಾವ, ನಿಮ್ಮ ಮನೇಲಿ" ಎಂದರು.

ಅಷ್ಟು ಸಾಕಾಯಿತು. ಆ ವಾರವೇ ಕೋಣೆಯಲ್ಲಿ ಇನ್ನೂ ಉಳಿದಿದ್ದ ಥಾನುಗಳು ಅಟ್ಟ ಸೇರಿದವು. ಗೋಡೆ ಕೆರೆದು ತಿಳಿನೀಲಿ ಡಿಸ್ಟೆಂಪರ್ ಬಳಿದರು. ಸಾಗರದ ಕಡೆಯಿಂದ ಬಂದು ಊರಿನಲ್ಲಿ ನೆಲೆಸಿದ್ದ ಆಚಾರಿಯೊಬ್ಬರನ್ನು ಅಪ್ಪ ಕರೆಸಿದರು. ಮಂಚದಲ್ಲಿ ಕೂತವರ ಬೆನ್ನು ತಾಗುವ ಎತ್ತರಕ್ಕೆ, ಕೋಣೆಯ ಸುತ್ತಲೂ ಸಾಗುವಾನಿಯ ಪಟ್ಟಿ ಹೊಡೆಯುವುದು, ಅದರ ಮೇಲೆ ಬಳ್ಳಿ ಕೆತ್ತುವುದು ಎಂದು ತೀರ್ಮಾನವಾಯಿತು. ಯಾವ ಬಳ್ಳಿ ಎಂದು ಆಚಾರಿ ಕೇಳಿದಾಗ ಅಕ್ಕ ಒಳಗಿನಿಂದ ಕಾಗದ, ಪೆನ್ಸಿಲ್ ತಂದಳು. ರಂಗೋಲಿಯಲ್ಲಿ ಅವಳ ಕೈ ಬಲು ನಯ. ಮಲ್ಲಿಗೆ ಬಳ್ಳಿ, ನಡುನಡುವೆ ಮೊಗ್ಗು. ನಾಲ್ಕೂ ಮೂಲೆಯಲ್ಲಿ ಒಂದೊಂದು ಅರಳಿದ ಹೂ ಇರಬೇಕೆಂದು ಹಟ ಹಿಡಿದಳು.

"ಮೂಲೇಲಿ ಬಳ್ಳಿ ಕತ್ತರಿಸಿದ ಹಾಗೆ ಕಾಣಬಾರದು ಆಚಾರ್ರೇ."

"ಕಾಣಲ್ಲ ಬಿಡಮ್ಮ. ಮೂಲೆ ಎಲ್ಲಿ ಅಂತ ನೀನೇ ಹುಡುಕಬೇಕು, ಹಾಗೆ ಕೂರಿಸ್ತೀನಿ."

ನಾನಾಗ ಕಾಲೇಜಿನ ಮೊದಲ ವರ್ಷದಲ್ಲಿದ್ದೆ. ಮನೆಗೆ ಬಂದರೆ ಮರದ ಹೊಟ್ಟಿನ ವಾಸನೆ, ಆಮೇಲೆ ವಾರ್ನಿಷಿನ ವಾಸನೆ. ಅಕ್ಕ ಸೆರಗು ಸಿಕ್ಕಿಸಿಕೊಂಡು ಉಪ್ಪುಕಾಗದದಿಂದ ಮೊಗ್ಗುಗಳನ್ನು ಒಂದೊಂದಾಗಿ ಉಜ್ಜುತ್ತಿದ್ದಳು. ಅಷ್ಟು ಸುಖವಾಗಿದ್ದ ಅಕ್ಕನನ್ನು ನಾನು ಮತ್ತೆ ನೋಡಲಿಲ್ಲ.

ಮುಂದಿನ ಸಲ ಬಂದ ಭಾವ ಪಟ್ಟಿಯ ಮೇಲೆ ಬೆರಳು ಆಡಿಸಿ, "ಕೆಲಸ ಚೆನ್ನಾಗಿದೆ" ಎಂದರು. ಅಪ್ಪನ ಮುಖ ಅರಳಿತು. ಸ್ವಲ್ಪ ದಿನದಲ್ಲೇ ಭಾವನಿಗೆ ಕಾರ್ಖಾನೆಯ ಮನೆ ಮಂಜೂರಾಯಿತು. ಊಟಕ್ಕೆ ಕೂತಾಗ ತಾವಾಗಿಯೇ, "ಅಲ್ಲೂ ಮಲಗೋ ಕೋಣೆಗೆ ಇಂಥದ್ದೇ ಹಾಕಿಸಿದ್ರೆ ಆಗ್ತಿತ್ತು" ಎಂದರು. ಅಪ್ಪ ಎಲೆಯ ಮುಂದಿನಿಂದ ಅರ್ಧ ಎದ್ದೇಬಿಟ್ಟರು.

"ಅದಕ್ಕೇನಂತೆ? ನಾಳೇನೇ ಆಚಾರೀನ ಕಳಿಸ್ತೀನಿ. ನೀವು ಬಾಗಿಲು ತೆಗೆದುಕೊಟ್ರೆ ಸಾಕು."

ಮರವೂ ಅಪ್ಪನದೇ, ಆಚಾರಿಯೂ ಅಪ್ಪನ ಕಡೆಯವರೇ. ಚಿತ್ರ ಮಾತ್ರ ಬೇರೆ ಬೇಕೆಂದಳು ಅಕ್ಕ. "ಇದು ತೌರಿಂದು. ಅದು ನನ್ನ ಮನೆ ಕಣೇ" ಎಂದು ನನಗೆ ಹೇಳಿ, ಬಳ್ಳಿಯ ಜೊತೆಗೆ ಮಂಚದ ತಲೆಯ ಕಡೆ ಬರುವಂತೆ ಎದುರುಬದುರಾಗಿ ಕೂತ ಎರಡು ಗಿಣಿ ಬರೆದಳು. ಗಿಣಿಯ ಕೊಕ್ಕು ಸರಿಬರಲಿಲ್ಲವೆಂದು ಕಾಗದ ಹರಿದು ಮತ್ತೆ ಬರೆದಳು. ಆಚಾರಿ ಭದ್ರಾವತಿಯಲ್ಲಿ ಕೆಲಸ ಮುಗಿಸಿ ಬಂದು, ಗಿಣಿಗಳು ಜೀವ ಇದ್ದ ಹಾಗಿವೆ ಎಂದು ವರದಿ ಕೊಟ್ಟರು. ಮನೆ ಇನ್ನೂ ಖಾಲಿಯೇ ಇದೆ, ಮಂಚ ಒಂದು ಬಂದಿದೆ ಎಂದರು.

ಅದೇ ಸಮಯಕ್ಕೆ ಭಾವನ ಶನಿವಾರಗಳು ತಪ್ಪತೊಡಗಿದವು. ಕುಲುಮೆಯ ಕೆಲಸ, ರಜೆ ಇಲ್ಲ ಎಂದು ಹೇಳಿ ಕಳಿಸುತ್ತಿದ್ದರು. ಕಾಯುವುದೇಕೆ, ನಾವೇ ಹೋಗಿ ಹಾಲುಕ್ಕಿಸಿ ಬಿಟ್ಟುಬರೋಣ ಎಂದು ಅಪ್ಪ ಒಳ್ಳೆಯ ದಿನ ನೋಡಿದರು. ಅವ್ವನಿಗೆ ಕಾಲುನೋವು. ಹಾಗಾಗಿ ಅಪ್ಪ, ಅಕ್ಕ, ನಾನು ರೈಲು ಹತ್ತಿದೆವು. ಜೊತೆಗೆ ಹಾಸಿಗೆ, ಹಿತ್ತಾಳೆ ಪಾತ್ರೆಗಳು, ವಿಭೂತಿಗಟ್ಟಿ, ಹಾಲುಕ್ಕಿಸಲು ಹೊಸ ತಪ್ಪಲೆ. ಸ್ಟೇಷನ್ನಿನಿಂದ ಜಟಕಾ ಮಾಡಿಕೊಂಡು, ಕೇಳಿಕೊಂಡು ಕೇಳಿಕೊಂಡು ಮನೆ ಹುಡುಕಿದೆವು. ಭಾವನಿಗೆ ಸುದ್ದಿ ಮುಟ್ಟಿಸಿರಲಿಲ್ಲ. ಮಗಳನ್ನು ಗಂಡನ ಮನೆಗೆ ಕರೆದೊಯ್ಯಲು ಅಪ್ಪಣೆ ಯಾತಕ್ಕೆ ಎಂಬುದು ಅಪ್ಪನ ಲೆಕ್ಕ.

ಬಾಗಿಲು ತೆಗೆದವಳು ಒಬ್ಬ ಹೆಂಗಸು. ಅಕ್ಕನಿಗಿಂತ ಸ್ವಲ್ಪ ದೊಡ್ಡವಳು, ಕೊರಳಲ್ಲಿ ತಾಳಿ, ಕಂಕುಳಲ್ಲಿ ಮಗು. ಆ ಮಗು ಅಕ್ಕನ ಮದುವೆಗಿಂತ ಹಳೆಯದು ಎಂಬುದನ್ನು ತಿಳಿಯಲು ಯಾರೂ ಹೇಳಬೇಕಾಗಿರಲಿಲ್ಲ.

"ಯಾರು ಬೇಕು? ಅವರು ಡ್ಯೂಟಿಗೆ ಹೋಗಿದಾರೆ" ಎಂದಳು, ತಮಿಳು ಬೆರೆತ ಕನ್ನಡದಲ್ಲಿ.

"ಇದು ಯಾರ ಮನೆ?" ಎಂದು ಅಪ್ಪ ಕೇಳಿದರು.

ಅವಳು ಭಾವನ ಹೆಸರು ಹೇಳದೆ, ಹುದ್ದೆ ಹೇಳಿ, "ನಮ್ಮ ಮನೆಯವರು" ಎಂದಳು. "ನೀವು ಯಾರು?"

ಅಪ್ಪ ಹಿಂದೆ ತಿರುಗಿ ಅಕ್ಕನನ್ನು ನೋಡಲೇ ಇಲ್ಲ. ಪಕ್ಕದ ಮನೆಯ ಜಗಲಿಯಲ್ಲಿ ಯಾರೋ ನಿಂತು ನೋಡುತ್ತಿದ್ದರು. ಅವರ ಕಡೆ ಒಮ್ಮೆ ಕಣ್ಣು ಹಾಯಿಸಿ, ಗಂಟಲು ಸರಿಮಾಡಿಕೊಂಡು ಅಪ್ಪ ಹೇಳಿದರು: "ನಾವು ಶಿವಮೊಗ್ಗದಿಂದ, ಮರದ ಕೆಲಸದ ಕಡೆಯವರಮ್ಮ. ಗೋಡೆಗೆ ಪಟ್ಟಿ ಹೊಡೆಸಿದ್ರಲ್ಲ, ಸರಿಯಾಗಿ ಕೂತಿದೆಯೋ ಇಲ್ವೋ ನೋಡ್ಕೊಂಡು ಹೋಗೋಣ ಅಂತ."

ಅವಳಿಗೆ ಸಂತೋಷವಾಯಿತು. ಪಾಪ, ಅವಳಿಗೇನು ಗೊತ್ತು. "ಬನ್ನಿ, ಬನ್ನಿ, ಎಷ್ಟು ಚೆಂದ ಮಾಡಿದೀರ" ಎಂದು ಒಳಗೆ ಕರೆದಳು. ನಾನು ಅಕ್ಕನ ಕೈ ಹಿಡಿದು ಎಳೆದೆ. ಅವಳು ಬಿಡಿಸಿಕೊಂಡು ಒಳಗೆ ಹೋದಳು.

ಮಂಚದ ಮೇಲೆ ಹಸಿರು ಹೊದಿಕೆ. ತಲೆಯ ಕಡೆ ಗಿಣಿಗಳು. ತಾಯಿಯ ಕಂಕುಳಿಂದ ಮಗು ಕೈಚಾಚಿ "ಕಿಳಿ, ಕಿಳಿ" ಎಂದಿತು. ಅಕ್ಕ ಗೋಡೆಯ ಉದ್ದಕ್ಕೂ ಪಟ್ಟಿಯ ಮೇಲೆ ಕೈ ಇಟ್ಟು ಒಂದು ಸುತ್ತು ಬಂದಳು. ಕೆಲಸ ಪರೀಕ್ಷಿಸುವವಳ ಹಾಗೆಯೇ ಕಾಣುತ್ತಿದ್ದಳು. ಅಪ್ಪ ಹೇಳಿದ ಸುಳ್ಳನ್ನು ಅವಳೇ ನಿಜ ಮಾಡಿಕೊಡುತ್ತಿದ್ದಳು.

"ಸರಿಯಾಗಿದೆ" ಎಂದು, "ಒಂದು ಲೋಟ ನೀರು ಕೊಡ್ತೀರ?" ಎಂದು ಕೇಳಿದಳು. ಆ ಹೆಂಗಸು ನೀರಿನ ಜೊತೆಗೆ ಬೆಲ್ಲವನ್ನೂ ತಂದುಕೊಟ್ಟಳು.

ಹೊರಗೆ ಜಟಕಾದಲ್ಲಿ ನಮ್ಮ ಹಾಸಿಗೆ, ಪಾತ್ರೆ ಇಳಿಯದೆ ಹಾಗೇ ಇದ್ದವು. ರೈಲಿನಲ್ಲಿ ಅಕ್ಕ ಕಿಟಕಿಯ ಕಡೆ ಕೂತಳು. ಬಿದರೆ ಸ್ಟೇಷನ್ ದಾಟಿದ ಮೇಲೆ, ಅಪ್ಪನ ಮುಖ ನೋಡದೆ ಕೇಳಿದಳು: "ನಾನು ಮರದ ಕೆಲಸದವಳೇನಪ್ಪ?"

"ಬೀದಿ ಜನದ ಎದುರಿಗೆ ಏನಂತ ಹೇಳ್ಲಿ? ಮರ್ಯಾದೆ ಬೇಡ್ವಾ?" ಎಂದರು ಅಪ್ಪ. ಯಾರ ಮರ್ಯಾದೆ ಎಂದು ಹೇಳಲಿಲ್ಲ.

ಆಮೇಲೆ ಅಪ್ಪ ಒಬ್ಬರೇ ಹೋಗಿ ಕಾರ್ಖಾನೆಯ ಗೇಟಿನಲ್ಲಿ ಭಾವನನ್ನು ಕಂಡು ಬಂದರು. ಹೆತ್ತವರ ಬಲವಂತಕ್ಕೆ ನಿಮ್ಮ ಮಗಳನ್ನು ಮದುವೆಯಾದೆ, ಸ್ವಲ್ಪ ಸಮಯ ಕೊಡಿ, ಏನಾದರೂ ಏರ್ಪಾಡು ಮಾಡುತ್ತೇನೆ ಎಂದರಂತೆ. ಆ ಮಾತನ್ನೇ ಅಪ್ಪ ಗಟ್ಟಿಯಾಗಿ ಹಿಡಿದುಕೊಂಡರು. ಕೇಳಿದವರಿಗೆ, "ಅಳಿಯಂದ್ರು ಟ್ರೈನಿಂಗಿಗೆ ಹೋಗಿದಾರೆ" ಎಂದರು. ಅಳಿಯಂದಿರ ಕೋಣೆಗೆ ಬೀಗ ಬಿತ್ತು. ಬೀಗದ ಕೈಯನ್ನು ತಮ್ಮ ಉಡಿದಾರಕ್ಕೆ ಕಟ್ಟಿಕೊಂಡರು. ಶನಿವಾರ ಮಾತ್ರ ಬಾಗಿಲು ತೆರೆಯುತ್ತಿತ್ತು. ಅವ್ವ ಹೊದಿಕೆ ಬದಲಾಯಿಸಬೇಕು, ಅಕ್ಕ ಪಟ್ಟಿಯ ಧೂಳು ಒರೆಸಬೇಕು. ಕೆತ್ತನೆಯ ಸಂದಿಗೆ ಧೂಳು ಕೂರುತ್ತದಲ್ಲ, ತೆಂಗಿನ ಕಡ್ಡಿಗೆ ಬಟ್ಟೆ ಸುತ್ತಿ ಮೊಗ್ಗು ಮೊಗ್ಗನ್ನೂ ಕೆದಕಿ ಒರೆಸುತ್ತಿದ್ದಳು. ಒರೆಸಿ ಹೊರಗೆ ಬಂದ ಮೇಲೆ ಮತ್ತೆ ಬೀಗ. ಅವಳ ಹಾಸಿಗೆ ನಡುಮನೆಯಲ್ಲಿ, ನನ್ನ ಹಾಸಿಗೆಯ ಪಕ್ಕದಲ್ಲಿ.

ಅಕ್ಕ ಟೀಚರ್ ಟ್ರೈನಿಂಗ್ ಮುಗಿಸಿ ಆಯನೂರಿನ ಶಾಲೆಗೆ ಸೇರಿದಳು. ಮಗಳು ಕೆಲಸಕ್ಕೆ ಹೋಗುವುದು ಅಪ್ಪನಿಗೆ ಇನ್ನೊಂದು ಅವಮಾನ. ಬೇಜಾರು ಕಳೆಯಲು ಹೋಗುತ್ತಾಳೆ ಎಂದು ಅದಕ್ಕೂ ಒಂದು ಮಾತು ಹೊಂದಿಸಿದರು. ಸಾಗರದ ರಸ್ತೆಯ ಧೂಳು ಮೆತ್ತಿಕೊಂಡು ಸಂಜೆ ಬಸ್ಸಿನಿಂದ ಇಳಿದು ಬಂದರೆ, ನಡುಮನೆಯಲ್ಲಿ ಬಂದುಹೋಗುವವರ ನಡುವೆಯೇ ಅವಳು ಕಾಪಿ ಪುಸ್ತಕ ತಿದ್ದಬೇಕು. ಒಂದು ದಿನ ಕೇಳಿಯೇಬಿಟ್ಟಳು.

"ಕೋಣೆ ಬೀಗದ ಕೈ ಕೊಡಪ್ಪ. ನಾನು ಅಲ್ಲಿರ್ತೀನಿ."

"ಅದು ಅಳಿಯಂದ್ರ ಕೋಣೆ. ದಿಢೀರ್ ಅಂತ ಬಂದ್ರೆ ಎಲ್ಲಿ ಕೂರಿಸ್ಲಿ?"

"ಅವರು ಬರಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು."

ಅವ್ವ ನಡುವೆ ಬಂದು, "ಸುಮ್ನಿರು ಮಾರಾಯ್ತಿ. ಅಶುಭ ಯಾಕೆ ಆಡ್ತೀಯ?" ಎಂದು ಗದರಿದರು. ಅಕ್ಕ ನಡುಮನೆಯಲ್ಲೇ ಕೂತು ಕಾಪಿ ಪುಸ್ತಕ ಬಿಡಿಸಿದಳು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಅಪ್ಪ ಅದೇ ಕೋಣೆ ತೆಗೆಸಿ ಅವರನ್ನು ಮಂಚದ ಮೇಲೆ ಕೂರಿಸಿದರು. ಪಟ್ಟಿಯ ಕೆಲಸವನ್ನು ಅವರು ಹೊಗಳಿದರು. ಅಕ್ಕ ಆ ಹೊತ್ತು ಹಿತ್ತಲಿನಲ್ಲಿರಬೇಕೆಂದು ಮೊದಲೇ ಹೇಳಿಯಾಗಿತ್ತು.

ನನ್ನ ಮದುವೆಯಾಗಿ ಕೆಲವು ವರ್ಷಕ್ಕೆ ಅಪ್ಪ ಲಿಂಗೈಕ್ಯರಾದರು. ಸುದ್ದಿ ತಿಳಿದು ನಾನು ಬರುವ ಹೊತ್ತಿಗೆ ಅವರನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಯ ತುಂಬ ವಿಭೂತಿ. ಸ್ನಾನ ಮಾಡಿಸುವಾಗ ಉಡಿದಾರದಿಂದ ಬಿಚ್ಚಿದ ಬೀಗದ ಕೈಯನ್ನು ದೊಡ್ಡಪ್ಪ ಜೇಬಿಗೆ ಹಾಕಿಕೊಂಡಿದ್ದರಂತೆ. ಮಧ್ಯಾಹ್ನದ ಹೊತ್ತಿಗೆ ಒಂದು ಕಾರು ಬಂತು. ಭಾವ ಇಳಿದರು. ದಪ್ಪಗಾಗಿದ್ದರು, ಕಿವಿಯ ಹತ್ತಿರ ಕೂದಲು ನರೆತಿತ್ತು. ಅಷ್ಟು ವರ್ಷ ಬಾರದವರು ಮಾವನಿಗೆ ಹೂ ಹಾಕಲು ಬಂದಿದ್ದರು. ಕೂತಿದ್ದವರೆಲ್ಲ ಎದ್ದು ನಿಂತರು.

ಮಣ್ಣು ಮುಗಿಸಿ ಬಂದ ಮೇಲೆ ದೊಡ್ಡಪ್ಪ, "ಅಳಿಯಂದ್ರು ದಣಿದಿದಾರೆ, ಸ್ವಲ್ಪ ಮಲಗ್ಲಿ" ಎಂದು ತಾವೇ ಬೀಗ ತೆಗೆದರು. ಭಾವ ಒಳಗೆ ಹೋಗಿ ಮಂಚದ ಮೇಲೆ ಕೂತು, ಪಟ್ಟಿಗೆ ಬೆನ್ನು ಕೊಟ್ಟು ಒರಗಿದರು.

ಅಕ್ಕ ನಡುಮನೆಗೆ ಹೋಗಿ ತನ್ನ ಹಾಸಿಗೆ ಸುರುಳಿಯನ್ನು ಹೊತ್ತುಕೊಂಡು ಬಂದಳು. ಇನ್ನೊಂದು ಕೈಯಲ್ಲಿ ಕಾಪಿ ಪುಸ್ತಕದ ಕಟ್ಟು. ಬಾಗಿಲಲ್ಲಿ ನಿಂತು, "ಏಳ್ರಿ" ಎಂದಳು.

ಭಾವನಿಗೆ ಅರ್ಥವಾಗಲಿಲ್ಲ.

"ಇದು ನಾನು ಮಲಗೋ ಕೋಣೆ. ನಿಮಗೆ ಜಗಲೀಲಿ ಚಾಪೆ ಹಾಸಿಸ್ತೀನಿ."

"ಏನೇ ಇದು, ಮಣ್ಣು ಹಾಕಿ ಬಂದ ದಿನ?" ಎಂದು ದೊಡ್ಡಪ್ಪ ಕೂಗಿದರು. ಅವ್ವ ಗೋಡೆ ಹಿಡಿದು ಅಳತೊಡಗಿದರು. ಅಕ್ಕ ಕದಲಲಿಲ್ಲ. ಭಾವ ಎದ್ದರು. ಚಪ್ಪಲಿ ಮೆಟ್ಟಿಕೊಂಡು ಅವಳ ಪಕ್ಕದಿಂದಲೇ ಹಾದು ಹೊರಗೆ ಹೋದರು. ಚಾಪೆಗೆ ಕಾಯಲಿಲ್ಲ. ಕಾರು ಹೊರಟ ಸದ್ದು ನಿಂತ ಮೇಲೆ ಅಕ್ಕ ಮಂಚದ ಹೊದಿಕೆ ಕಿತ್ತು ಹೊರಗೆ ಎಸೆದು, ತನ್ನ ಹಾಸಿಗೆ ಬಿಡಿಸಿದಳು.

ಶಿವಗಣಾರಾಧನೆಯ ದಿನ ಊಟದ ಪಂಕ್ತಿಯಲ್ಲಿ ನೆಂಟರು ಮಾತಾಡಿಕೊಂಡದ್ದು ಭದ್ರಾವತಿಯ ಆ ಮನೆಯ ವಿಷಯವನ್ನಲ್ಲ. ಅದು ಅವರಿಗೆಲ್ಲ ಎಂದೋ ಗೊತ್ತಿತ್ತು. ನಾನು ಬಡಿಸುತ್ತಿದ್ದಾಗ ಸೋದರತ್ತೆ ಪಕ್ಕದವರ ಕಿವಿಯಲ್ಲಿ, ನನಗೂ ಕೇಳುವ ಹಾಗೆ, "ಬಾಯಿ ನೋಡಿ ಹೇಗಿದೆ ಇವಳ್ದು. ಅದಕ್ಕೇ ಗಂಡ ಬಾಳಿಸ್ಲಿಲ್ಲ" ಎಂದರು. ನಾನು ಅವರ ಎಲೆಗೆ ಪಾಯಸ ಬಡಿಸದೆ ಮುಂದೆ ಹೋದೆ.