ಕಂಪ್ಯೂಟರ್ ಜಾತಕದವರು

ಗುಬ್ಬಿಯ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರಿನಲ್ಲಿ ಜಾತಕ ತೆಗೆದುಕೊಡುವವರೊಬ್ಬರಿದ್ದರು. ಕಪ್ಪು ಪರದೆ ನೋಡುತ್ತಾ ಒಂದೇ ಬೆರಳಿನಲ್ಲಿ ಕಮಾಂಡ್ ಟೈಪ್ ಮಾಡುತ್ತಿದ್ದರು. ಏನು ಕೇಳಿದರೂ ಕನ್ನಡಕ ಒರೆಸುತ್ತಾ, "ಇರಿ, ನೋಡಾಣ" ಅನ್ನುತ್ತಿದ್ದರು.

ನನಗೆ ಗಂಡು ಹುಡುಕುತ್ತಿದ್ದ ಕಾಲ. ನನ್ನದು ಮೂಲಾ ನಕ್ಷತ್ರ. ಮಾವನಿಗೆ ಆಗಿಬರುವುದಿಲ್ಲವೆಂದು ಆಗಲೇ ಒಂದು ಸಂಬಂಧ ತಪ್ಪಿತ್ತು. ಅಮ್ಮ ನನ್ನನ್ನು ಅವರ ಹತ್ತಿರ ಕರೆದುಕೊಂಡು ಹೋದಳು. ಅವಳು ಹೇಳಿದ ನನ್ನ ವಿವರವನ್ನು ಅವರು ಟೈಪ್ ಮಾಡಿದ್ದೇ ತಡ, ಪ್ರೋಗ್ರಾಂ ನಿಂತುಬಿಟ್ಟಿತು. ಬೇರೆ ಯಾವ ನಕ್ಷತ್ರ ಹಾಕಿದರೂ ಜಾತಕ ಸಲೀಸಾಗಿ ಬರುತ್ತಿತ್ತು.

"ಮಿಷನ್ನೂ ಬ್ಯಾಡ ಅಂತೈತೆ," ಎಂದಳು ಅಮ್ಮ.

ಅವರು ತಾವೇ ಬರೆದ ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿದರು. ತಪ್ಪು ಸಿಗಲಿಲ್ಲ. ಕೊನೆಗೆ ಡಿಸ್ಕನ್ನೇ ಪರೀಕ್ಷಿಸಿದರು.

"ಪ್ರೋಗ್ರಾಂ ಸರಿಗೈತೆ ಕಣಮ್ಮ. ಕರೆಂಟ್ ಹೋಗಿ ಬಂದು ಡಿಸ್ಕ್ ಕೆಟ್ಟೈತೆ. ನಕ್ಷತ್ರಕ್ಕೊಂದು ಫೈಲ್ ಮಡಗಿದ್ದೆ, ಮೂಲಾದು ಹಾಳಾಗೋಗೈತೆ."

ಫ್ಲಾಪಿಯಲ್ಲಿ ಎತ್ತಿಟ್ಟಿದ್ದ ಪ್ರತಿಯಿಂದ ಆ ಫೈಲನ್ನು ಹೊಸದಾಗಿ ಹಾಕಿದರು. ಪ್ರಿಂಟರ್ ಕಿರುಗುಡುತ್ತಾ ನನ್ನ ಜಾತಕ ಹೊರಹಾಕಿತು.

ಅಮ್ಮ ಕಾಗದ ಮುಟ್ಟಲಿಲ್ಲ. "ಇಪ್ಪತ್ತೇಳು ನಕ್ಷತ್ರದಾಗೆ ಇವಳ್ದೇ ಯಾಕೆ ಕೆಡಬೇಕಿತ್ತು ಸಾಮಿ?"

ಅವರು ಕನ್ನಡಕ ತೆಗೆದು ಒರೆಸಿದರು. ಪರದೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಒರೆಸಿದರು. "ಇರಿ, ನೋಡಾಣ" ಎಂದು ಮಾತ್ರ ಅನ್ನಲಿಲ್ಲ.