ಹಳದಿ ಕಣ

ನಾಲ್ಕಕ್ಕೆ ಎದ್ದು ರಾತ್ರಿಯ ಪಾತ್ರೆ ಉಜ್ಜಬೇಕು. ಅತ್ತೆಗೆ ಬಿಸಿನೀರು ಕಾಯಿಸಬೇಕು, ಮಾತ್ರೆ ಎಣಿಸಿ ಬಟ್ಟಲಲ್ಲಿಡಬೇಕು. ಮೂರು ಡಬ್ಬಿಗೆ ಊಟ, ಗಂಡನ ಅಂಗಿಗೆ ಇಸ್ತ್ರಿ, ನಿನ್ನೆಯ ಬಟ್ಟೆ ಮಡಚಿ, ನೆಲ ಒರೆಸಿ, ಒಲೆ ತಿಕ್ಕಿ... ಇಷ್ಟೂ ಆದಮೇಲೆ ಬೆಳಗಾಗುತ್ತಿತ್ತು. ಬೆಳಗಾದ ಮೇಲೆ ಅವಳು ಇನ್ನೊಂದು ಕಡೆ ಉಜ್ಜಲು ಹೋಗುತ್ತಿದ್ದಳು.

ಕಲ್ಲುಗಳನ್ನು ಪರೀಕ್ಷಿಸುವ ಆ ಪ್ರಯೋಗಾಲಯದಲ್ಲಿ ಅವಳಿಗೆ ಉಜ್ಜಕ್ಕ ಅಂತಲೇ ಹೆಸರು. ಕಸ ಗುಡಿಸಲು ಸೇರಿದವಳು ಹದಿನೆಂಟು ವರ್ಷದಲ್ಲಿ ತೇಯುವ ಚಕ್ರದ ಮುಂದೆ ಬಂದು ಕೂತಿದ್ದಳು. ಕಲ್ಲಿನ ಬಿಲ್ಲೆಯನ್ನು ಗಾಜಿಗೆ ಅಂಟಿಸಿ, ತಿರುಗುವ ಚಕ್ರಕ್ಕೆ ಒತ್ತಿ, ಬೆಳಕು ಹಾಯುವಷ್ಟು ತೆಳ್ಳಗಾಗಿಸುವುದು ಕೆಲಸ. ಸೂಕ್ಷ್ಮದರ್ಶಕದಲ್ಲಿ ಕಲ್ಲಿನೊಳಗಿನ ಮರಳ ಕಣ ಹಳದಿ ಕಂಡರೆ ಇನ್ನೂ ದಪ್ಪ; ಬೂದು ಬಣ್ಣಕ್ಕೆ ತಿರುಗಿದರೆ ಸರಿ.

ಈ ಸಲ ಬಂದದ್ದು ಬೆಟ್ಟಸಾಲಿನ ಆಳದಿಂದ ಕೊರೆದು ತೆಗೆದ ಸುಣ್ಣದಕಲ್ಲು. ನಡುವೆ ಬೆರಳಗಲದ ಬಿಳಿ ಗೆರೆ. ತಂದವಳು ಸಂಶೋಧನೆ ಮಾಡುವ ಹುಡುಗಿ.

"ಅಕ್ಕಾ, ಇದು ಮಾಯ್ದ ಗಾಯ. ಬೆಟ್ಟ ಏಳೋವಾಗ ಎರಡೂ ಕಡೆಯಿಂದ ಅದುಮಿದೆ. ಒಳಗಿದ್ದ ನೀರಿಗೆ ಹೋಗೋಕೆ ದಾರಿಯಿಲ್ಲ, ಒತ್ತಿ ಒತ್ತಿ ಕಲ್ಲನ್ನೇ ಸೀಳಿಬಿಟ್ಟಿದೆ. ಸೀಳಿದ್ಮೇಲೆ ಒತ್ತಡ ಇಳೀತು. ನೀರಲ್ಲಿ ಕರಗಿದ್ದ ಸುಣ್ಣ ಬಿರುಕಲ್ಲಿ ಕೂತು ಬೆಸೆದುಬಿಡ್ತು."

"ಮತ್ತೆ ಅದುಮಿದ್ರೆ?"

"ಅದೇ ಜಗಳ ನೋಡಿ! ಮತ್ತೆ ಮತ್ತೆ ಸೀಳಿದೆ ಅಂತ ನಾನು. ಒಂದೇ ಸಲ ಅಂತ ನಮ್ಮ ಲ್ಯಾಬಿನ ಸಾಹೇಬರು."

"ಪಾಪ, ಕಲ್ಲಿಗೆ ಹೇಳ್ಕೊಳ್ಳೋಕೆ ತವರುಮನೆನೂ ಇಲ್ಲ," ಅಂದಳು ಉಜ್ಜಕ್ಕ. ಹುಡುಗಿ ನಕ್ಕೇ ನಕ್ಕಳು.

ಇದ್ದದ್ದು ಮೂರೇ ಬಿಲ್ಲೆ. ಎರಡನ್ನು ನಿಯಮದಂತೆ ಬೂದು ಬರುವವರೆಗೆ ತೇಯ್ದಳು. ಗೆರೆ ಹಾಲಿನಂತೆ ಸ್ವಚ್ಛ. "ಕಂಡಿತಾ? ಒಂದೇ ಸಲ," ಅಂದರು ಸಾಹೇಬರು.

"ಕೊನೇಲಿ ಏನೋ ತರಿ ತರಿ ಬೆರಳಿಗೆ ತಾಕಿ ಉದುರಿಹೋಯ್ತು ಸಾರ್. ಕೊನೇದನ್ನ ಸ್ವಲ್ಪ ಮುಂಚೆ ನಿಲ್ಲಿಸ್ಲಾ?"

"ಕಂಬಳಿಯಷ್ಟು ದಪ್ಪ ಇಟ್ಟು ನೋಡೋಕೆ ಇದೇನು ಚಳಿಗಾಲವಾ? ಬೂದು ಬರದೆ ನಿಲ್ಲಿಸಿದ್ರೆ ನಾಳೆಯಿಂದ ಪೊರಕೆ ಹಿಡಿ."

ಮಾರನೇ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕೊನೆಯ ಬಿಲ್ಲೆ ಕೈಗೆತ್ತಿಕೊಂಡಳು. ಚಕ್ರ ಗುಯ್ಯೆನ್ನುತ್ತಿತ್ತು. ಕಿಟಕಿಯ ಬಿಸಿಲು ಕಲ್ಲಿನ ಕೆಸರಿನ ಮೇಲೆ ಈಜುತ್ತಿತ್ತು. ನಾಲ್ಕು ಸುತ್ತು ತೇಯ್ದು, ತೊಳೆದು ನೋಡಿದಳು. ಮರಳ ಕಣ ಹಳದಿ. ಬಿಳಿ ಗೆರೆಯೊಳಗೆ ಮಾತ್ರ, ಕೂದಲಿಗಿಂತ ಸಣ್ಣ ಕಪ್ಪು ಎಳೆಗಳು, ಒಂದರ ಪಕ್ಕ ಒಂದು. ಪ್ರತಿ ಸಲ ಸೀಳಿದಾಗಲೂ ಅಂಚಿನಿಂದ ಕಿತ್ತುಬಂದು ಅಲ್ಲೇ ಬೆಸೆದುಕೊಂಡ ಕಲ್ಲಿನ ಚೂರುಗಳು.

ಎಣಿಸಿದಳು. ನಲವತ್ತೊಂದರವರೆಗೆ ಲೆಕ್ಕ ಸಿಕ್ಕಿತು, ಆಮೇಲೆ ಎಣಿಸುವವಳೇ ಬೆಟ್ಟದ ಕೆಳಗೆ ಇಳಿದುಹೋದಳು. ಅಲ್ಲಿ ಕತ್ತಲು, ಬೆಚ್ಚಗಿನ ನೀರು. ಗೋಡೆಗೆ ಬೆನ್ನು ಕೊಟ್ಟು ನೀರು ಕಾಯುತ್ತಿತ್ತು. ಇದ್ದಕ್ಕಿದ್ದಂತೆ ಟಪ್ಪೆಂದು ಒಂದು ಸೀಳು, ಆಮೇಲೆ ಮೆಲ್ಲಗೆ ಬಿಳಿ ಬಂದು ಮುಚ್ಚುವುದು. ಮೇಲೆ ಹುಲ್ಲು ಅಲುಗಲಿಲ್ಲ. ಮತ್ತೆ ಸೀಳು, ಮತ್ತೆ ಬಿಳಿ. ದೂರದಲ್ಲೆಲ್ಲೋ ಅತ್ತೆ ನೆಂಟರ ಮುಂದೆ ಎಂದಿನಂತೆ ಹೇಳುತ್ತಿದ್ದರು: "ನಮ್ಮ ಸೊಸೆ ಅತ್ತಿದ್ದು ಒಂದೇ ಸಲ, ಮದುವೆ ದಿನ."

ಕಣ್ಣು ಬಿಟ್ಟಳು. ಇನ್ನು ಎರಡು ಸುತ್ತು ತೇಯ್ದರೆ ಕಣ ಬೂದಾಗುತ್ತದೆ, ಎಳೆಗಳು ಉದುರುತ್ತವೆ, ಚಕ್ರದ ಮುಂದಿನ ಕುರ್ಚಿ ಅವಳದ್ದಾಗಿ ಉಳಿಯುತ್ತದೆ. ಮೂಲೆಯಲ್ಲಿ ಪೊರಕೆ ಗೋಡೆಗೊರಗಿ ನಿಂತಿತ್ತು. ಅದನ್ನೊಮ್ಮೆ ನೋಡಿದಳು.

ಕೈ ಒರೆಸಿಕೊಂಡು ಬಿಲ್ಲೆಯ ಮೇಲೆ ಒಂದು ಹನಿ ಅಂಟು ಬಿಟ್ಟಳು. ತೆಳುಗಾಜನ್ನು ಓರೆಯಾಗಿ ಇಳಿಸಿ, ಗುಳ್ಳೆ ಉಳಿಯದಂತೆ ಬೆರಳಿನಿಂದ ಒತ್ತಿದಳು. ಮುಚ್ಚಿದ ಮೇಲೆ ಯಾರೂ ತೇಯುವಂತಿಲ್ಲ. ಬಿಲ್ಲೆಯ ಚೀಟಿಯಲ್ಲಿ ಕಣದ ಬಣ್ಣ ಬರೆಯುವ ಜಾಗದಲ್ಲಿ 'ಹಳದಿ' ಎಂದು ದಪ್ಪಗೆ ಬರೆದು, ಚಕ್ರ ನಿಲ್ಲಿಸಿದಳು.