ಬದನೆಕಾಯಿ ನಿರಪರಾಧಿ

ಸಿಂದಗಿಯ ನಮ್ಮ ಮನೆಗೆ ಬೆಳಗನ್ನು ಕರೆತರುತ್ತಿದ್ದದ್ದು ಅವ್ವ ಜೋಳದ ರೊಟ್ಟಿ ಬಡಿಯುವ ಸಪ್ಪಳ. ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದ ಆಕೆ ರಾತ್ರಿಪಾಳಿಯಿದ್ದ ದಿನಗಳಲ್ಲೂ ಮನೆಗೆ ಬಂದವಳೇ ಬಿಳಿ ಸೀರೆಯನ್ನು ಗೂಟಕ್ಕೆ ತೂಗುಹಾಕಿ, ಒಂದು ಗುಟುಕು ಚಹಾ ಕುಡಿದು, ನೇರವಾಗಿ ಹಿಟ್ಟಿಗೆ ಕೈಯಿಕ್ಕುತ್ತಿದ್ದಳು. ಆ ಲಯ ಎಷ್ಟು ಖಚಿತವೆಂದರೆ, ಓದುವ ಗೆಳೆಯರೇ, ಎಷ್ಟನೆಯ ಏಟಿಗೆ ರೊಟ್ಟಿ ಹಂಚಿಗೇರುವುದೆಂದು ನಾನು ಹಾಸಿಗೆಯಿಂದಲೇ ಹೇಳಬಲ್ಲವಳಾಗಿದ್ದೆ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಧಾರವಾಡದಲ್ಲಿ ಎಂ.ಎ. ಪರೀಕ್ಷೆ ಮುಗಿಸಿ ಬಂದ ಮೊದಲ ಮುಂಜಾನೆ, ಆ ಲಯ ತಪ್ಪಿತ್ತು. ನಾಲ್ಕು ಏಟು, ಒಂದು ಮೌನ, ಮತ್ತೆರಡು ಏಟು. ಎದ್ದು ನೋಡಿದರೆ ಅವ್ವನ ಬೆರಳ ಗೆಣ್ಣುಗಳು ಕೆಂಪಗೆ ಬಾತು, ಮಡಚಲು ಒಲ್ಲೆನ್ನುತ್ತಿದ್ದವು.

ಆಯಿ, ಎಂದರೆ ನನ್ನ ಅಜ್ಜಿ, ತನಿಖೆಯನ್ನೂ ತೀರ್ಪನ್ನೂ ಒಟ್ಟಿಗೇ ಮುಗಿಸಿದ್ದಳು. "ಬದನಿಕಾಯಿ ನಂಜ ಐತಿ. ಎಣ್ಣಿಗಾಯಿ ಅಂದ್ರ ಈಕಿ ಬಾಯಿ ಬಿಡತಾಳ, ಬಾವು ಬರದ ಇನ್ನೇನ ಬರಬೇಕ?" ಬಾವು ಕಂಡಲ್ಲಿ ನಂಜಿನ ತಿನಿಸು ಬಿಡಿಸುವುದು ನಮ್ಮ ಕಡೆಯ ಹಳೆಯ ಕಾನೂನು. ಎರಡು ತಿಂಗಳಿಂದ ಬದನೆಕಾಯಿ ನಮ್ಮ ಹೊಸ್ತಿಲು ದಾಟಿರಲಿಲ್ಲ. ಬಾವು ಮಾತ್ರ ಹೊಸ್ತಿಲೊಳಗೇ ಉಳಿದಿತ್ತು.

ಪ್ರತಿ ನೋವಿಗೂ ಒಬ್ಬ ಹೊಣೆಗಾರನಿರುತ್ತಾನೆ ಎಂಬುದು ಆಗ ನನ್ನ ಧರ್ಮಶ್ರದ್ಧೆ. ಅವ್ವ ತಡೆದರೂ ಕೇಳದೆ ಆಸ್ಪತ್ರೆಗೆ ಹೋಗಿ, ಹಿರಿಯ ವೈದ್ಯರ ಮೇಜಿನೆದುರು ನಿಂತೆ. "ನಮ್ಮವ್ವಗ ಮೂರು ತಿಂಗಳಿಂದ ಬರೇ ರಾತ್ರಿಪಾಳಿ ಯಾಕ್ರಿ? ಆಕಿ ಬೆರಳಿಗಿ ಯಾರ್ರಿ ಜವಾಬ್ದಾರಿ?"

ಅವರು ಕನ್ನಡಕ ತೆಗೆದಿಟ್ಟರು. "ಪಾಳಿ ತಪ್ಪು ನಮ್ಮದ ಐತಿ, ಒಪ್ಪತೇನಿ. ಆದ್ರ ನೀ ಒಂದು ಹೇಳವಾ, ಮನಿಗಿ ಬಂದ ಮ್ಯಾಲ ನಿಮ್ಮವ್ವಾರು ಎಷ್ಟು ತಾಸು ಮಲಗ್ತಾರ?"

ಅವ್ವ ಹಗಲು ಮಲಗಿದ್ದನ್ನು ನಾನು ಕಂಡೇ ಇರಲಿಲ್ಲ. ಹೊತ್ತೇರಿದ ಮೇಲೆ ಹೆಣ್ಣುಮಗಳು ಹಾಸಿಗೆಯಲ್ಲಿದ್ದರೆ ಮನೆಗೆ ದರಿದ್ರ ಎಂಬ ಆಯಿಯ ಮಾತನ್ನು ಮೂಢನಂಬಿಕೆಯೆಂದು ಜರೆದ ನಾನೇ, ಅವ್ವ ಗೋಡೆಗೊರಗಿ ಕಣ್ಣು ಮುಚ್ಚಿದಾಗಲೆಲ್ಲ ನನ್ನ ಪೆನ್ನೆಲ್ಲಿ, ದುಪಟ್ಟಾ ಎಲ್ಲಿ ಎಂದು ಎಬ್ಬಿಸಿದವಳು.

"ಬಾವು ವೈರಿ ಅಲ್ಲವಾ, ಕಾವಲುಗಾರ," ಎಂದರು ವೈದ್ಯರು. "ಪೆಟ್ಟು ಬಿದ್ದಲ್ಲಿ ಓಡಿ ಬರ್ತೈತಿ, ಕೆಲಸ ಮುಗದ ಮ್ಯಾಲ ತಿರುಗಿ ಹೋಗಬೇಕು. ನಿದ್ದಿಗೆಟ್ಟ ಮೈಯಾಗ ಹೋಗೂದ ಮರೀತೈತಿ. ನಿದ್ದಿ ಒಂದ ಕಾರಣ ಅನ್ನೂದಿಲ್ಲ ನಾ. ರಕ್ತ ತಪಾಸ ಮಾಡೂಣು, ಗುಳಿಗಿ ನಡೀಲಿ. ಆದ್ರ ನಿದ್ದಿನೂ ಕೊಡ್ರಿ."

ಮನೆಯ ದಾರಿಯುದ್ದಕ್ಕೂ ನನ್ನ ಸಿಟ್ಟನ್ನು ಬೆರಗು ಹಿಂಬಾಲಿಸಿತು. ನಾವು ಸೋಮಾರಿತನವೆಂದು ಹೀಗಳೆದ ಆ ಹೊತ್ತಿನಲ್ಲೇ, ಕಣ್ಣು ಮುಚ್ಚಿ ಬಿದ್ದಿರುವ ದೇಹದೊಳಗೆ ಎಂಥ ಆಡಳಿತ ಎಚ್ಚೆತ್ತು ಕೂರುತ್ತದೆ! ಯಾರ ಅರ್ಜಿಗೂ ಕಾಯದೆ, ಯಾರ ಸಹಿಯನ್ನೂ ಬೇಡದೆ, ಹಗಲಿನ ಸವೆತವನ್ನು ಎಳೆಯೆಳೆಯಾಗಿ ನೇಯ್ದು, ಕಾವಲುಗಾರರನ್ನು ಮನೆಗೆ ಕಳುಹಿಸುವ ಆ ಅದೃಶ್ಯ ಕೈಗಳು ಬೇಡುವುದು ಒಂದಿಷ್ಟು ಕತ್ತಲೆ, ಒಂದಿಷ್ಟು ನಿಶ್ಶಬ್ದ. ಅಷ್ಟನ್ನೂ ಕೊಡದ ನಾವು ಬದನೆಕಾಯಿಯನ್ನು ಕಟಕಟೆಗೆ ಹತ್ತಿಸಿದ್ದೆವು.

ಮರುದಿನ ಕಿಟಕಿಗೆ ಕೌದಿ ಕಟ್ಟಿ ಅವ್ವನನ್ನು ಮಲಗಿಸಿದೆ. "ಮಂದಿ ಏನಂದಾರ?" ಎಂದು ಆಕೆ, "ಮಂದಿ ಬಂದು ಬೆರಳು ಮಡಚತಾರೇನ?" ಎಂದು ನಾನು. ಹಿಟ್ಟು ನಾದಲು ಕುಳಿತಾಗ ಹೊಳೆಯಿತು: ರೊಟ್ಟಿಯನ್ನು ಸದ್ದಿಲ್ಲದೆ ಬಡಿಯುವ ವಿದ್ಯೆ ಲೋಕದಲ್ಲಿಲ್ಲ. ಹಿಟ್ಟಿನ ಡಬ್ಬಿ ಹೊತ್ತು ಪಕ್ಕದ ಮನೆಯ ಶಾಂತಕ್ಕನ ಒಲೆಗೆ ಹೋದೆ. ನನ್ನ ರೊಟ್ಟಿ ಕಂಡು ಆಕೆ, "ಏನ ಇದು ತಂಗಿ, ಹಿಂದೂಸ್ತಾನದ ನಕಾಶಿ?" ಎಂದು ನಕ್ಕಳು. ಆಯಿ ಮೂರು ದಿನ ಮುನಿದಿದ್ದಳು, ನಾಲ್ಕನೆಯ ದಿನ ಬಾಗಿಲ ಕಟ್ಟೆಯಲ್ಲಿ ಕೋಲು ಹಿಡಿದು ಕುಳಿತು, ಬಳೆಗಾರನನ್ನೇ ಗದರಿಸಿದಳು: "ಒದರಬ್ಯಾಡೋ! ನನ್ನ ಸೊಸಿ ಮಲಗ್ಯಾಳ!"

ಪಾಳಿ ಬದಲಾಗಲು ಮೂರು ವಾರವೂ ನನ್ನ ಎರಡು ಲಿಖಿತ ಮನವಿಗಳೂ ಬೇಕಾದವು. ಅದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಆ ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಸಂಜೆ ಆಯಿ ತಾನೇ ಸಂತೆಯಿಂದ ಮುಳ್ಳುಬದನೆ ತಂದು ಅವ್ವನ ಮುಂದಿಟ್ಟಳು. ಎಣ್ಣೆಗಾಯಿ ಕುದಿಯುತ್ತಿತ್ತು. ಅವ್ವ ಹಿಟ್ಟಿಗೆ ಕೈಯಿಕ್ಕಿ ಬಡಿಯತೊಡಗಿದಳು: ತಡೆಯಿಲ್ಲದೆ, ಏಟಿಗೆ ಏಟು. ನಾನು ಎಣಿಸುವುದನ್ನು ಮರೆತು ಬಾಗಿಲಲ್ಲೇ ನಿಂತೆ. ಆ ಸಪ್ಪಳದಲ್ಲಿ ನನಗೆ ಕೇಳಿಸುತ್ತಿದ್ದದ್ದು ಅವಳ ನಿದ್ದೆ.